ಸೇರಿಸದೇ ಬಿಟ್ಟ ನಾಲ್ಕನೇ ಮೇಲ್

ನನಗೆ ಮೂಗಿನ ತುದೀಲೇ ಕೋಪ ಅಂತ ನಮ್ಮಮ್ಮ ಬೀದಿಗೆಲ್ಲ ಹೇಳ್ಕೊಂಡು ಬರ್ತಿದ್ದಳು. ಸುಳ್ಳಲ್ಲ. ಆ ಕೋಪದಲ್ಲಿ ಮುಕ್ಕಾಲು ಪಾಲು ನಾನು ಮೂರು ವರ್ಷ ಸುರಿದದ್ದು ನಮ್ಮ ಫ್ಯಾಕ್ಟರಿಯ ಇನ್‌ಸ್ಪೆಕ್ಟರ್ ಸಾರ್ ಮೇಲೆ. ಅದೂ ಯಾತಕ್ಕೆ? ಅವರು ನನಗೆ ಮೇಲ್ ಹಾಕ್ತಾರೆ ಅನ್ನೋದಕ್ಕೆ.

ರಾಜಾಜಿನಗರ ಇಂಡಸ್ಟ್ರಿಯಲ್ ಎಸ್ಟೇಟಿನಲ್ಲಿ ಒಂದು ಸಣ್ಣ ಶೆಡ್ಡು ನಮ್ಮದು. ತಗಡು ಒತ್ತಿ, ತೂತು ಕೊರೆದು, ಗಾಡಿ ಮಾಡೋ ಒಂದು ಕಂಪನಿಗೆ ಬ್ರ್ಯಾಕೆಟ್ ಕಳಿಸ್ತಿದ್ದೆವು. ನಾನು ನಂದಿನಿ ಲೇಔಟಿಂದ ಬಸ್ಸಲ್ಲಿ ಬಂದು ಡಿಸ್ಪ್ಯಾಚ್ ನೋಡ್ಕೊಳ್ತಿದ್ದೆ. ಅಂದ್ರೆ ಮಾಲು ಲಾರಿಗೆ ಹತ್ತಿಸೋದು, ಅದರ ಕಾಗದಪತ್ರ ಮಾಡೋದು. ಇನ್‌ಸ್ಪೆಕ್ಟರ್ ಸಾರ್ ಬ್ಯಾಡರಹಳ್ಳಿಯವರು, ಐವತ್ತರ ಹತ್ತಿರದ ವಯಸ್ಸು. ಮಾಲನ್ನ ಅಳತೆ ಮಾಡಿ, ಹೋಗಬಹುದು, ಹೋಗಬಾರದು ಅಂತ ಹೇಳೋರು ಅವರೇ. ನಮ್ಮಿಬ್ಬರ ಟೇಬಲ್ ನಡುವೆ ಒಂದು ಕಬ್ಬಿಣದ ಬೀರು, ಅಷ್ಟೇ. ಕೂತಲ್ಲಿಂದ ಕೆಮ್ಮಿದ್ರೂ ಕೇಳುತ್ತೆ. ಆದ್ರೂ ಮಹಾನುಭಾವರು ಬಾಯಿ ಬಿಡ್ತಿರಲಿಲ್ಲ, ಇಂಗ್ಲಿಷ್ ಅಕ್ಷರದಲ್ಲಿ ಕನ್ನಡ ಕುಟ್ಟಿ ಮೇಲ್ ಹಾಕೋರು.

"ಸಾರ್, ಪಕ್ಕದ ಮನೆಗೆ ಯಾರಾದ್ರೂ ಪೋಸ್ಟಲ್ಲಿ ಮೊಸರು ಕಳಿಸ್ತಾರಾ?" ಅಂತ ಒಂದು ದಿನ ಕೇಳೇಬಿಟ್ಟೆ.

"ಕಳಿಸಲ್ಲ ಮೇಡಂ. ಆದ್ರೆ ನೀವು ಮೊಸರು ತಗೊಂಡು, ಕೊಟ್ಟೇ ಇಲ್ಲ ಅಂತ ಸಾಧಿಸೋರು," ಅಂದರು. ಇಡೀ ಆಫೀಸು ನಕ್ಕಿತು. ನಾನು ನಗಲಿಲ್ಲ. ಆವತ್ತಿಂದ ಹಠಕ್ಕೆ ಬಿದ್ದು ಅವರ ಮೇಲ್ ತೆಗೆಯೋದನ್ನೇ ಬಿಟ್ಟೆ. ಓದದ ಮೇಲ್ ಪಟ್ಟಿಯಲ್ಲಿ ದಪ್ಪಕ್ಷರದಲ್ಲಿ ನಿಲ್ಲುತ್ತಲ್ಲ, ಹಾಗೆ ಅವರ ಹೆಸರಿನ ಸಾಲುಗಳು ಒಂದರ ಕೆಳಗೊಂದು ನಲವತ್ತಾದವು. ಅಗತ್ಯ ಇದ್ರೆ ಎದ್ದು ಬಂದು ಹೇಳ್ತಾರೆ ಬಿಡು ಅಂದ್ಕೊಂಡಿದ್ದೆ.

ಒಂದು ಭಾನುವಾರ ಅವರು ಎದೆ ಹಿಡ್ಕೊಂಡು ಮನೇಲೇ ಹೋಗ್ಬಿಟ್ಟರು. ಆಸ್ಪತ್ರೆ ಮುಟ್ಟಲಿಲ್ಲ. ಸೋಮವಾರ ನಾವೆಲ್ಲ ಮಣ್ಣಿಗೆ ಹೋಗಿ ಬಂದೆವು. ನಾನು ಅತ್ತೆ, ನಿಜವಾಗಿಯೂ ಅತ್ತೆ. ಬೈದದ್ದೆಲ್ಲ ನೆನಪಾಗಿ ಇನ್ನೂ ಜಾಸ್ತಿ ಅತ್ತೆ.

ಆ ಗುರುವಾರ ಗಾಡಿ ಕಂಪನಿಯಿಂದ ಮಾಲು ವಾಪಸ್ ಬಂತು. ತೂತು ಚಿಕ್ಕದು. ಹೊಸ ಡ್ರಾಯಿಂಗ್ ಹಿಂದಿನ ಶುಕ್ರವಾರವೇ ಕಳಿಸಿದ್ದೆವು, ಆದರೂ ಶನಿವಾರ ಹಳೇ ಅಳತೆಯ ಮಾಲು ಹೇಗೆ ಹೊರಟಿತು, ಯಾರು ಕಳಿಸಿದ್ದು, ಉತ್ತರ ಕೊಡಿ ಅಂತ ಖಾರವಾಗಿ ಬರೆದಿದ್ದರು. ಬರೀ ಮಾತು ಬೇಡ, ನಿಮ್ಮ ಕಡೆ ಓಡಾಡಿದ ಮೇಲ್‌ಗಳನ್ನೇ ಇದ್ದ ಹಾಗೆ ಕಳಿಸಿ ಅಂತಲೂ ಇತ್ತು.

ಅದರ ಮುಂದಿನ ಸೋಮವಾರ ಓನರ್ ನನ್ನನ್ನ ಕರೆದರು. "ನೋಡಮ್ಮ, ಇನ್‌ಸ್ಪೆಕ್ಟರ್ ಕಂಪ್ಯೂಟರ್‌ನಲ್ಲಿ ಎಲ್ಲಾ ಇರುತ್ತೆ. ಫಾರ್ವರ್ಡ್ ಮಾಡ್ಬೇಡ. ಫಾರ್ವರ್ಡ್ ಮಾಡಿದ್ರೆ ಒಳಗಿನ ಅಕ್ಷರ ತಿದ್ದಬಹುದು, ಕಂಪನಿಯವರು ನಂಬಲ್ಲ. ಮೇಲನ್ನೇ ಮೇಲಿಗೆ ಅಟ್ಯಾಚ್ ಮಾಡು. ತಾರೀಕು, ಟೈಮು ಸಮೇತ ಹೋಗ್ಲಿ," ಅಂದರು.

ನನಗೆ ಅದು ಗೊತ್ತಿರಲಿಲ್ಲ. ಗಾಡಿ ಕಂಪನಿಯ ಹುಡುಗಿಯೊಬ್ಬಳು ಫೋನಲ್ಲೇ ಹೇಳಿಕೊಟ್ಟಳು. "ಹೊಸ ಮೇಲ್ ತೆಗೀರಿ ಮೇಡಂ. ಪಕ್ಕದಲ್ಲಿ ಪಟ್ಟಿ ಕಾಣೋ ಹಾಗೆ ಇಟ್ಕೊಳ್ಳಿ. ಬೇಕಾದ ಮೇಲನ್ನ ಮೌಸಲ್ಲಿ ಹಿಡಿದು ಎಳ್ಕೊಂಡು ಬಂದು ಇದರೊಳಗೆ ಬಿಡಿ." ಬಿಟ್ಟೆ. ಮೇಲೆ ಒಂದು ಪುಟ್ಟ ಲಕೋಟೆ ಬಂದು ಕೂತಿತು. ಅದನ್ನ ಒತ್ತಿದ್ರೆ ಹಳೇ ಮೇಲ್ ಇದ್ದ ಹಾಗೇ ತೆರೆಯುತ್ತೆ, ಒಂದು ಅಕ್ಷರ ಕದಲಿಸೋಕಾಗಲ್ಲ. ಅಯ್ಯೋ, ಇಷ್ಟೇನಾ ಅಂತ ಖುಷಿಯಾಯ್ತು.

ಮೊದಲ ಲಕೋಟೆ, ಕಂಪನಿಯವರು ಸಾರ್‌ಗೆ ಡ್ರಾಯಿಂಗ್ ಕಳಿಸಿದ್ದು. ಎರಡನೆಯದು, ಡ್ರಾಯಿಂಗ್ ಬಂತು, ಹಾಗೇ ಮಾಡ್ತೀವಿ ಅಂತ ಸಾರ್ ಬರೆದ ಉತ್ತರ. ಮೂರನೆಯದು, ಶನಿವಾರ ಬೆಳಗ್ಗೆ ಮಾಲು ಹೊರಟಿತು ಅಂತ ನಾನು ಕಂಪನಿಗೆ, ಸಾರ್‌ಗೂ ಒಂದು ಪ್ರತಿ, ಹಾಕಿದ್ದು. ಶನಿವಾರ ಸಾರ್ ತಗಡಿಗೆ ಲೇಪ ಹಾಕೋ ಪ್ಲೇಟಿಂಗ್ ಶಾಪಿಗೆ ಹೋಗೋ ದಿನ, ಆಫೀಸಲ್ಲಿ ಇರ್ತಿರಲಿಲ್ಲ. ಇನ್ನೇನಾದ್ರೂ ಇದೆಯಾ ಅಂತ ಸಾರ್ ಕಳಿಸಿದ ಮೇಲ್‌ಗಳ ಪಟ್ಟಿ ಇಳಿಸಿದೆ. ಇತ್ತು. ಶುಕ್ರವಾರ ಸಂಜೆಯದು. ನನ್ನ ಹೆಸರಿಗೆ.

"ಮೇಡಂ, ಹೊಸ ಡ್ರಾಯಿಂಗ್ ಬಂದಿದೆ. ತೂತು ಅರ್ಧ ಎಂ.ಎಂ. ದೊಡ್ಡದು ಮಾಡಿದ್ದಾರೆ. ನಾಳೆಯ ಮಾಲು ಕಳಿಸಬೇಡಿ. ನಾಳೆ ನಾನಿರಲ್ಲ, ಸೋಮವಾರ ನೋಡಿ ಹೇಳ್ತೀನಿ. ನೀವು ಫೋನಲ್ಲಿ ಬಿಜಿ ಇದ್ರಿ, ಅದಕ್ಕೆ ಬರೆದೆ."

ಮೂರು ವರ್ಷದ ಹಿಂದೆ ತಪ್ಪು ಮಾಲು ಕಳಿಸಿದ ಒಬ್ಬರನ್ನ ಓನರ್ ಅದೇ ಸಂಜೆ ಮನೆಗೆ ಕಳಿಸಿದ್ದರು, ಆ ಜಾಗಕ್ಕೆ ಬಂದವಳೇ ನಾನು. ನಾಲ್ಕನೇ ಮೇಲನ್ನ ಮೌಸಲ್ಲಿ ಹಿಡಿದೆ, ಹೊಸ ಮೇಲಿನ ಬಾಗಿಲತನಕ ಎಳೆದೆ. ಅಷ್ಟರಲ್ಲಿ ಓನರ್ ಬಾಗಿಲಲ್ಲಿ ಇಣುಕಿದರು.

"ಡ್ರಾಯಿಂಗ್ ಬಂದಿತ್ತು, ಅವರು ಯಾರಿಗೂ ಹೇಳಿರಲಿಲ್ಲ, ಅಷ್ಟೇ ತಾನೇ? ಪಾಪ. ತಪ್ಪನ್ನ ಅವರ ಮೇಲೇ ಹಾಕಿ ಮುಗಿಸಮ್ಮ. ಸತ್ತೋರಿಗೇನು ಕೆಲಸ ಹೋಗುತ್ತಾ?"

ನಾನು ಕೈ ಬಿಟ್ಟೆ. ಮೇಲ್ ತನ್ನ ಜಾಗಕ್ಕೆ ವಾಪಸ್ ಹೋಯ್ತು. ಮೂರು ಲಕೋಟೆ ಕಳಿಸಿದೆ. ಅದರಲ್ಲಿ ಒಂದಕ್ಷರವೂ ಸುಳ್ಳಲ್ಲ. ಮೂರೂ ಸೇರಿ ಹೇಳಿದ್ದು ಮಾತ್ರ ಹಸೀ ಸುಳ್ಳು. ಗಾಡಿ ಕಂಪನಿಯವರು ಸಂತಾಪ ತಿಳಿಸಿ ವಿಷಯ ಅಲ್ಲಿಗೇ ಬಿಟ್ಟರು.

ಹೇಳೋಕೆ ಮರೆತೆ, ಆ ಸೋಮವಾರ ನಾನು ಸಾರ್ ಕಂಪ್ಯೂಟರ್‌ಗೆ ಇಂಟರ್ನೆಟ್ ಲೈನ್ ಕೊಟ್ಟ ಕೂಡಲೇ ಇನ್ನೊಂದು ಮೇಲ್ ತಾನಾಗಿ ಹೊರಟುಹೋಗಿತ್ತು. ಶುಕ್ರವಾರ ನನಗೆ ಬರೆದಾದ ಮೇಲೆ ಬರೆದದ್ದಿರಬೇಕು, ಅಷ್ಟರಲ್ಲಿ ಲೈನ್ ಕಟ್ಟಾಗಿ ಒಳಗೇ ಉಳಿದಿತ್ತು. ನಾನು ಗಮನಿಸಲೇ ಇಲ್ಲ. ಅದೇ ವಾರದ ಗುರುವಾರ, ಅಳತೆ ನೋಡೋ ಗೇಜ್ ರಿಪೇರಿ ಮಾಡೋ ಅಂಗಡಿಯಿಂದ ಫೋನ್ ಬಂತು. "ಗುರುವಾರ ಬಂದು ಗೇಜ್ ತಗೊಂಡು ಹೋಗ್ತೀನಿ ಅಂತ ಸಾರ್ ಮೊನ್ನೆ ಮೇಲ್ ಹಾಕಿದ್ರಲ್ಲ, ಇನ್ನೂ ಬರ್ಲಿಲ್ವಲ್ಲ?" ಫೋನ್ ಇಟ್ಟು ಬೀರುವಿನ ಆ ಕಡೆ ನೋಡಿದೆ. ಕುರ್ಚಿ ಖಾಲಿ. ಇರಲೇಬೇಕಲ್ಲ ಖಾಲಿ. ಆದ್ರೂ ಎದ್ದು ಹೋಗಿ ನೋಡಿ ಬಂದೆ.

ನನ್ನ ಕಂಪ್ಯೂಟರ್‌ನಲ್ಲಿದ್ದ ಅವರ ಮೇಲ್‌ಗಳನ್ನೆಲ್ಲ ಆಮೇಲೆ ಓದಿದೆ, ದಿನಕ್ಕೆ ನಾಲ್ಕೈದರಂತೆ. ಒಂದರಲ್ಲಿ, "ಮೇಡಂ, ನಾಳೆ ಬಸ್ ಇಲ್ವಂತೆ. ಬೇರೆ ವ್ಯವಸ್ಥೆ ಮಾಡ್ಕೊಳ್ಳಿ," ಅಂತ ಇತ್ತು. ಆ ದಿನ ನಾನು ಸ್ಟಾಪಲ್ಲಿ ಎರಡು ಗಂಟೆ ನಿಂತು ಸರ್ಕಾರಕ್ಕೆ ಹಿಡಿಶಾಪ ಹಾಕಿದ್ದೆ. ಕೊನೆಗೆ ಆ ಶುಕ್ರವಾರದ್ದನ್ನೂ ತೆರೆದೆ. ತೆರೆದ ತಕ್ಷಣ ದಪ್ಪಕ್ಷರ ಸಣ್ಣಗಾಯ್ತು. ನನಗೆ ಭಯವಾಯ್ತು. ಓದಿಲ್ಲ ಅಂತ ಗುರುತು ಮಾಡೋಕೆ ಒಂದು ಆಯ್ಕೆ ಇದೆ, ಅದನ್ನ ಒತ್ತಿದೆ. ಮತ್ತೆ ದಪ್ಪಗಾಯ್ತು. ದಿನಾ ಬೆಳಗ್ಗೆ ಕಂಪ್ಯೂಟರ್ ಹಾಕಿದ್ರೆ ಓದದ ಮೇಲ್ ಒಂದು ಅಂತ ತೋರಿಸೋದು. ಅಳಿಸೋಕೆ ಕೈ ಬರ್ಲಿಲ್ಲ, ಹಾಗೇ ನೋಡ್ಕೊಂಡು ಇರೋಕೂ ಆಗ್ತಿರಲಿಲ್ಲ. ಮಧ್ಯಾಹ್ನ ಎಲ್ಲರೂ ಊಟಕ್ಕೆ ಎದ್ದಾಗ ಬೀರುವಿನ ಆಚೆ ಕೀಬೋರ್ಡ್ ಕುಟ್ಟೋ ಸದ್ದು ಕೇಳಿಸ್ತಿತ್ತು. ತಗಡು ಒತ್ತೋ ಪ್ರೆಸ್ ನಿಂತ ಮೇಲೂ ಕೇಳಿಸ್ತಿತ್ತು. ಯಾರಿಗೆ ಹೇಳೋದು?

ಮೂರು ತಿಂಗಳಿಗೆ ಇನ್‌ಸ್ಪೆಕ್ಟರ್ ಸಾರ್ ಹೆಂಡತಿಗೆ ಓನರ್ ಪ್ಯಾಕಿಂಗ್‌ನಲ್ಲಿ ಕೆಲಸ ಕೊಟ್ಟರು. ಒಳ್ಳೇ ಮನುಷ್ಯರೇ ಅವರು, ಅದನ್ನ ಇಲ್ಲ ಅನ್ನಲ್ಲ. ನೋಡಿದ್ಯಾ, ಯಾರಿಗೂ ಏನೂ ಕೆಟ್ಟದಾಗಲಿಲ್ಲ ಅಂತ ನನಗೆ ನಾನೇ ಸಮಾಧಾನ ಹೇಳ್ಕೊಂಡೆ. ಸಾರ್ ಹೆಂಡತಿಯನ್ನ ನಾನು ಅಕ್ಕ ಅಂತಿದ್ದೆ. ಅಕ್ಕ ಬಂದ ಮೊದಲ ದಿನವೇ ನನ್ನ ಪಕ್ಕ ಡಬ್ಬಿ ಬಿಚ್ಚಿದರು. "ನಮ್ಮನೆಯವರು ನಿನ್ನ ವಿಷ್ಯ ಹೇಳ್ತಿದ್ರು ಕಣೇ. ಬಾಯಿ ಜೋರು, ಕೆಲಸದಲ್ಲಿ ಚುರುಕು ಅನ್ನೋರು," ಅಂದು ನನ್ನ ಡಬ್ಬಿಗೆ ಹುರುಳಿಕಾಯಿ ಪಲ್ಯ ಹಾಕಿದರು.

ಒಂದು ತಿಂಗಳಾದ ಮೇಲೆ ಆ ಮಾತು ಬಂತು. ಓನರ್ ಸಮಾಧಾನ ಮಾಡೋಕೆ ಹೋಗಿ, ಕೊನೆಯ ಶುಕ್ರವಾರ ಹೊಸ ಡ್ರಾಯಿಂಗ್ ವಿಷಯ ಹೇಳೋಕೆ ಮರೆತು ಒಂದೇ ಒಂದು ತಪ್ಪು ಮಾಡಿದ್ರು ಬಿಡಿ, ಅದನ್ನ ನಾವು ಮನಸ್ಸಿಗೆ ಹಚ್ಕೊಂಡಿಲ್ಲ ಅಂದಿದ್ದರಂತೆ.

"ಹತ್ತೊಂಬತ್ತು ವರ್ಷದಲ್ಲಿ ಒಂದೂ ತಪ್ಪು ಮಾಡ್ದೋರಲ್ಲ," ಅಂದರು ಅಕ್ಕ, ತುತ್ತು ಕಲಸ್ತಾ. "ಶುಕ್ರವಾರ ಮರೆತ್ರು ಅಂದ್ರೆ ಶುಕ್ರವಾರವೇ ಮೈ ಸರಿ ಇರ್ಲಿಲ್ಲ ಅಂತ ಅರ್ಥ. ಮುಖ ನೋಡಿದ್ರೆ ನಂಗೆ ಗೊತ್ತಾಗ್ಬೇಕಿತ್ತು. ನೋಡ್ಲಿಲ್ಲ ನಾನು. ಭಾನುವಾರ ಬೆಳಗ್ಗೆ, ಮಹಡಿ ಮೇಲಿನ ನೀರಿನ ಟ್ಯಾಂಕ್ ತೊಳೀರಿ ಅಂತ ಜಗಳ ಮಾಡಿ ಹತ್ತಿಸ್ದೆ. ಇಳಿದು ಬಂದು ಮೆಟ್ಟಿಲ ಮೇಲೇ ಕೂತ್ರು. ನಾನೇ ಕೊಂದೆ ಕಣೇ."

"ಹಾಗೆಲ್ಲ ಅನ್ಕೋಬೇಡಿ ಅಕ್ಕ," ಅಂದೆ. ಥೂ, ನನ್ನ ಬಾಯಿಗಿಷ್ಟು! ಎಷ್ಟು ಸಲೀಸಾಗಿ ಅಂದೆ. ಹೀಗೇ ಒಂದು ದೀಪಾವಳಿ ಕಳೆಯಿತು, ಯುಗಾದಿಯೂ ಕಳೆಯಿತು. ಅಕ್ಕ ಮತ್ತೆ ಮತ್ತೆ ಅದನ್ನೇ ಹೇಳೋರು, ನಾನು ಅದನ್ನೇ ಅನ್ನೋಳು. ಅವರಿಗೆ ನಿದ್ದೆ ಬರ್ತಿರಲಿಲ್ಲ. ನನಗೂ ಬರ್ತಿರಲಿಲ್ಲ, ಆದ್ರೆ ನನ್ನದು ನನಗೆ ಸಲ್ಲಬೇಕಾದದ್ದೇ.

ಒಂದು ಮಧ್ಯಾಹ್ನ ಅಕ್ಕ ಡಬ್ಬಿ ಬಿಚ್ಚಲಿಲ್ಲ. ಹಿಂದಿನ ದಿನ ಮಗಳ ಹತ್ತಿರ ಎಲ್ಲಾ ಹೇಳಿಬಿಟ್ಟಿದ್ದರಂತೆ. ಪಿಯುಸಿ ಓದೋ ಹುಡುಗಿ. "ಯಾಕಮ್ಮ ಹತ್ತಿಸ್ದೆ ಅಪ್ಪನ್ನ ಅಂದ್ಳು. ಅಷ್ಟೇ. ಆಮೇಲೆ ನನ್ನ ಕೈಲಿ ಅನ್ನ ಹಾಕಿಸ್ಕೊಳ್ಲಿಲ್ಲ," ಅಂದರು ಅಕ್ಕ.

ನಾನು ಎದ್ದೆ. "ಬನ್ನಿ ಅಕ್ಕ," ಅಂತ ಅವರನ್ನ ನನ್ನ ಕುರ್ಚಿಯಲ್ಲಿ ಕೂರಿಸಿ ಆ ಮೇಲ್ ತೆರೆದೆ. ಇಂಗ್ಲಿಷ್ ಅಕ್ಷರ ಅವರಿಗೆ ಬಾರದು, ನಾನೇ ಓದಿದೆ. ತಾರೀಕು ಓದಿದೆ, ಟೈಮು ಓದಿದೆ. ಅವರು ತಪ್ಪು ಮಾಡಿರಲಿಲ್ಲ, ಮಾಡಿದ್ದು ನಾನು, ಅದನ್ನ ಮುಚ್ಚಿಟ್ಟಿದ್ದೂ ನಾನೇ ಅಂತ ಹೇಳಿದೆ.

"ಇನ್ನೊಂದ್ಸಲ ಓದು."

ಓದಿದೆ.

"ಶುಕ್ರವಾರ ಸಂಜೆ ಇಷ್ಟೆಲ್ಲ ನೆನಪಿಟ್ಟು ಬರೆದಿದ್ದಾರೆ. ಅಂದ್ರೆ ಚೆನ್ನಾಗಿದ್ರು," ಅಂದರು ಅಕ್ಕ. ಕಣ್ಣು ಒರೆಸಿಕೊಂಡರು. ಎಷ್ಟೋ ತಿಂಗಳಿಂದ ಬಿಗಿದಿದ್ದ ಭುಜ ಇಳಿದದ್ದು ನನಗೆ ಕಾಣಿಸಿತು. ಒಂದು ಗಳಿಗೆ, ಕ್ಷಮಿಸಿಬಿಡ್ತಾರೆ ಅಂತಲೇ ಅಂದ್ಕೊಂಡೆ. ಆಮೇಲೆ ಅವರು ನನ್ನ ಕಡೆ ತಿರುಗಿದರು.

"ನೀನು ಇದನ್ನ ಮೊದಲು ಓದಿದ್ದು ಯಾವಾಗ?"

"ಸಾರ್ ಹೋದ ಒಂಬತ್ತನೇ ದಿನ, ಅಕ್ಕ. ಸೋಮವಾರ."

ಅವರು ಬೆರಳಿನ ಗೆಣ್ಣುಗಳ ಮೇಲೆ ಎಣಿಸಿದರು. ಹನ್ನೊಂದನೇ ದಿನ, ಬುಧವಾರ, ಬ್ಯಾಡರಹಳ್ಳಿಯಲ್ಲಿ ತಿಥಿ. ಆಫೀಸಿನವರೆಲ್ಲ ಒಂದೇ ಗಾಡಿಯಲ್ಲಿ ಹೋಗಿದ್ದೆವು. ನನ್ನನ್ನ ಮೊದಲ ಪಂಕ್ತಿಯಲ್ಲಿ ಕೂರಿಸಿದ್ದರು. ಮಗನ ಜೊತೆ ಕೆಲಸ ಮಾಡ್ತಿದ್ದ ಹುಡುಗಿ ಅಂತ ಸಾರ್ ತಾಯಿ ಎರಡು ಸಲ ಬಂದು ಬಡಿಸಿದ್ದರು.

"ಅಂದ್ರೆ ನಮ್ಮನೇಲಿ ಎಲೆ ಮುಂದೆ ಕೂತಾಗ ನಿಂಗೆ ಗೊತ್ತಿತ್ತು," ಅಂದರು ಅಕ್ಕ. "ಗೊತ್ತಿದ್ದೂ ಉಂಡೆ."

ನಾನು ಹೂಂ ಅಂದೆ.