ಮಾತಂಗಿಯ ಬುಟ್ಟಿ

ಪುಣೆಗೆ ಬಂದ ದಿನ ನಲ್ಲಿಯ ಹತ್ತಿರ ಒಬ್ಬ ಹೆಂಗಸಿನ ಕೊಡ ನನ್ನ ಕೊಡಕ್ಕೆ ತಗಲಿತು. ಗಾಬರಿಯಾಗಿ ನನ್ನದನ್ನು ಹಿಂದಕ್ಕೆ ಎಳೆದುಕೊಂಡೆ. ಆಕೆ ನಕ್ಕು, "ಕಾಯ್ ಝಾಲಂ, ಮಾವಶಿ?" ಎಂದಳು. ಏನಾಯಿತು ಚಿಕ್ಕಮ್ಮ, ಅಂತ. ಏನಂತ ಹೇಳಲಿ? ಸುರಪುರದ ಕಡೆ ನಮ್ಮೂರಿನಲ್ಲಿ ನಮ್ಮ ಕೇರಿಯ ಕೊಡ ತಗಲಿದರೆ ಮೇಲಿನ ಓಣಿಯವರು ನೀರು ಚೆಲ್ಲಿ, ಕೊಡ ತೊಳೆದು ಮತ್ತೆ ತುಂಬುತ್ತಾರೆ. ಈಕೆ ನನ್ನ ಕೊಡವನ್ನು ತಾನೇ ಎತ್ತಿ ನನ್ನ ತಲೆಯ ಮೇಲಿಟ್ಟಳು.

ಮಗಳು ಇಲ್ಲಿ ಮನೆಗೆಲಸಕ್ಕೆ ಹೋಗುತ್ತಾಳೆ. ಮೊಮ್ಮಕ್ಕಳನ್ನು ನೋಡಿಕೊಳ್ಳಲು ನನ್ನನ್ನು ಕರೆಸಿಕೊಂಡಳು. ಸಾಲಾಗಿ ಕಟ್ಟಿದ ತಗಡಿನ ಖೋಲಿಗಳಿಗೆ ಇಲ್ಲಿ ಚಾಳ ಎನ್ನುತ್ತಾರೆ. ನಮಗೆ ಖೋಲಿ ಕೊಡಿಸಿದವಳು ಹುಣಸಗಿ ಕಡೆಯ ಶಾಂತವ್ವ, ಮೇಲಿನ ಓಣಿಯವಳು. ಊರಲ್ಲಾದರೆ ಆಕೆಯ ಹೊಸ್ತಿಲು ನಾನು ದಾಟುವಂತಿರಲಿಲ್ಲ. ಇಲ್ಲಿ ಒಂದೇ ತಾಟಿನಲ್ಲಿ ರೊಟ್ಟಿ ಮುರಿದೆವು. ಆಕೆ ನನಗೆ ಮರಾಠಿ ಕಲಿಸಿದಳು, ನಾನು ಆಕೆಗೆ ಎಲ್ಲವ್ವನ ಹಾಡು ಕಲಿಸಿದೆ.

ಭಾರತ ಹುಣ್ಣಿಮೆಗೆ ಆಕೆಯ ಮನೆಯಲ್ಲಿ ಪಡಲಗಿ ತುಂಬುವುದೆಂದಾಯಿತು. ದೇವಿಯ ಬಿದಿರಿನ ಬುಟ್ಟಿಗೆ ಕಡಬು, ಹೋಳಿಗೆ, ಬದನೆಕಾಯಿ ಪಲ್ಯ ಹಾಕಿ ಹಾಡುವುದು. ಇಲ್ಲಿಯವರು ಬುಟ್ಟಿಗೆ ಪರಡಿ ಎನ್ನುತ್ತಾರೆ. ನಮ್ಮಲ್ಲಿ ಎರಡು ಬುಟ್ಟಿ, ಒಂದು ಎಲ್ಲವ್ವನಾದ ರೇಣುಕೆಯದು, ಒಂದು ಮಾತಂಗಿಯದು. ರೇಣುಕೆಯ ತಲೆ ಕಡಿಯೆಂದು ಗಂಡ ಮಗನಿಗೆ ಹೇಳಿದಾಗ ಆಕೆ ಓಡಿ ಮಾತಂಗಿಯ ಗುಡಿಸಲು ಹೊಕ್ಕಳು. ಮಾತಂಗಿ ನಮ್ಮ ಕೇರಿಯ ಹಿರಿಯಳು. ಬಚ್ಚಿಟ್ಟ ತಪ್ಪಿಗೆ ಆಕೆಯ ತಲೆಯೂ ಬಿತ್ತು. ಮತ್ತೆ ಜೀವ ಬಂದಾಗ ಒಬ್ಬಳ ತಲೆ ಇನ್ನೊಬ್ಬಳ ಮುಂಡಕ್ಕೆ ಕೂಡಿತು. ಅದಕ್ಕೇ ಊರಲ್ಲಿ ಮಾತಂಗಿಯ ಬುಟ್ಟಿ ಮೊದಲು ತುಂಬುತ್ತಾರೆ.

ಅತ್ತೆಯಿಂದ ನನಗೆ ಬಂದ ಮಾತಂಗಿಯ ಬುಟ್ಟಿ ತಗೊಂಡು ಮಗಳ ಜೊತೆ ಹೋದೆ. ಶಾಂತವ್ವ ಬಾಗಿಲಲ್ಲೇ ತಡೆದಳು.

"ಅದನ್ನ ಮನ್ಯಾಗ ಇಟ್ ಬಾರಬೇ. ಖೋಲಿ ಮಾಲಕಿ ಬಂದಾಳ."

"ಬಂದ್ರ ಬರ್ಲಿ. ಕಡಬು ಸಾಲಂಗಿಲ್ಲೇನು?"

"ಹಂಗಲ್ಲ. ನೀವು ನಮ್ಮ ಮಂದಿ ಅಂತ ಹೇಳೇ ಖೋಲಿ ಕೊಡಿಸೀನಿ. ನಿನ್ನ ಮಗಳಿಗೂ ಗೊತ್ತೈತಿ."

ಮಗಳತ್ತ ನೋಡಿದೆ. ಆಕೆ ಸೆರಗು ಸರಿಮಾಡಿಕೊಳ್ಳುತ್ತಿದ್ದಳು. ಇಲ್ಲಿ ಯಾರೂ ಜಾತಿ ಕೇಳುವುದಿಲ್ಲ ಎಂದು ನಾನು ಊರಿಗೆಲ್ಲ ಫೋನಿನಲ್ಲಿ ಹೇಳಿದ್ದೆ. ಕೇಳುವ ಮೊದಲೇ ಇವರಿಬ್ಬರು ಸುಳ್ಳು ಹೇಳಿ ಮುಗಿಸಿದ್ದರು.

ಬುಟ್ಟಿಯನ್ನು ಕಂಕುಳಲ್ಲೇ ಇಟ್ಟುಕೊಂಡು ಒಳಗೆ ಹೋಗಿ ಕೂತೆ. ಶಾಂತವ್ವ ಹಾಡು ಎತ್ತಿದಳು. ರೇಣುಕೆ ಓಡುವತನಕ ಹಾಡಿ, ಮಾತಂಗಿಯ ಗುಡಿಸಲು ಬರುವ ಮೊದಲೇ "ಉಧೋ ಉಧೋ" ಎಂದು ಜೈಕಾರ ಹಾಕಿ ಮುಗಿಸಿಬಿಟ್ಟಳು. ನನ್ನ ಬಾಯಿಂದ ಕಲಿತ ಹಾಡು! ಎದ್ದು ನನ್ನ ಬುಟ್ಟಿಯನ್ನು ದೇವಿಯ ಬುಟ್ಟಿಯ ಪಕ್ಕ ಇಟ್ಟೆ.

"ಹಿ ಕೊಣಾಚಿ ಪರಡಿ?" ಎಂದಳು ಮಾಲಕಿ. ಯಾರ ಬುಟ್ಟಿ, ಅಂತ.

ಶಾಂತವ್ವ ನನ್ನ ಸೀರೆ ಜಗ್ಗಿದಳು. "ಮಾತಂಗೀಚಿ," ಮಾತಂಗಿಯದು, ಎಂದೆ. ಆಮೇಲೆ ಎದೆ ಮುಟ್ಟಿಕೊಂಡು, "ಆಮಚಿ," ನಮ್ಮದು, ಎಂದೆ.

ಮಾಲಕಿ ಬೈಯಲಿಲ್ಲ. ಬುಟ್ಟಿಗೆ ತಾಗದಂತೆ ಕೈ ಮೇಲೆತ್ತಿ, ಅಲ್ಲಿಂದಲೇ ಒಂದು ಕಡಬು ಬಿಟ್ಟಳು. ಆಕೆಯ ಹಿಂದೆ ಬಂದ ಶಾಂತವ್ವನೂ ಹಾಗೆಯೇ ಬಿಟ್ಟಳು.

ಮಾಲಕಿ ಇನ್ನೂ ಖೋಲಿ ಬಿಡಿಸಿಲ್ಲ. "ಸುಮ್ನ ಇದ್ದಿದ್ರ ಏನ್ ಹೋಗ್ತಿತ್ತಬೇ?" ಎಂದು ಮಗಳು ದಿನಾ ಜಗಳ ತೆಗೆಯುತ್ತಾಳೆ. "ಅಷ್ಟ್ ಸಿಟ್ಟಿದ್ರ ಊರಿಗೆ ಹೋಗು."

ಊರಲ್ಲಿ ಮಾತಂಗಿಯ ಬುಟ್ಟಿಯನ್ನು ಒಳಗಿಟ್ಟು ನಮ್ಮನ್ನು ಅಂಗಳದಲ್ಲಿ ಕೂಡಿಸುತ್ತಾರೆ. ಇಲ್ಲಿ ನಮ್ಮನ್ನು ಒಳಗೆ ಕರೆದು ಬುಟ್ಟಿಯನ್ನು ಹೊರಗಿಡು ಎನ್ನುತ್ತಾರೆ.

"ಹೋಗ್ತೀನಿ," ಎಂದೆ. "ಯಾರ ಮನಿ ಒಳಗ ಹೋಗ್ಲಿ, ಅದನ್ನಷ್ಟ್ ಹೇಳು."