ಕೊಂಡಮ್ಮನ ಕಾಲ ಮೇಲಿನ ಬೆಳಕು

ನಮ್ಮ ಪಕ್ಕದ ಮನೆಯ ಕೊಂಡಮ್ಮ ಆದೋನಿಯ ಅರ್ಧ ಮಕ್ಕಳಿಗೆ ಎಣ್ಣೆ-ನೀರು ಎರೆದವಳು. ನನ್ನ ಗಂಡನಿಗೂ ಅವಳೇ ಎರೆದದ್ದಂತೆ. ಬಚ್ಚಲಲ್ಲಿ ಕಾಲು ಚಾಚಿ ಕೂತು ಕೂಸನ್ನು ಅದರ ಮೇಲೆ ಮಲಗಿಸಿಕೊಂಡಳೆಂದರೆ, ಎಂಥ ಅಳುಬುರುಕ ಕೂಸೂ ಕಣ್ಣು ಮುಚ್ಚುತ್ತಿತ್ತು. ಈಚೆಗೆ ಅವಳ ಕೈ ನಡುಗತೊಡಗಿದೆ. ನನ್ನ ಭುವನಾ ಹುಟ್ಟಿದಾಗ ಬಾಗಿಲಲ್ಲೇ ನಿಂತು, "ಬ್ಯಾಡವ್ವ, ಜಾರಿಸಿಬಿಟ್ರ ಏನ್ ಗತಿ? ಬ್ಯಾರೆ ಯಾರನ್ನಾರ ನೋಡ್ಕೋ" ಅಂದಳು. ಆಮೇಲೆ ಮುಟ್ಟಲೇ ಇಲ್ಲ. ನನಗೋ ಸರಿಯಾಗಿ ಎರೆಯಲು ಬಾರದು. ಭುವನಾ ದಿನವೂ ಕಿರುಚುವಳು. ಗೋಡೆಯಾಚೆ ಕೊಂಡಮ್ಮ ಅದನ್ನು ಕೇಳುತ್ತ ಕೂತಿರುವಳು.

ಹೋದ ವಾರ ಊರಿಗೆ ಹೊಸ ಬಗೆಯ ಸಿನಿಮಾ ಬಂತು. ಪರದೆಯಿಲ್ಲ, ಕನ್ನಡಕವಿಲ್ಲ. ಬೆಳಕಿನಿಂದಲೇ ಆದ ಜನ ನಮ್ಮ ನಡುವೆ ಓಡಾಡುತ್ತಾರೆ, ಕೈ ಚಾಚಿದರೆ ತಿರುಗಿ ನೋಡುತ್ತಾರೆ. ಒತ್ತಾಯದಿಂದ ಕೊಂಡಮ್ಮನನ್ನು ಕರೆದೊಯ್ದೆ. ಭುವನಾ ನನ್ನ ಹೆಗಲ ಮೇಲೆ ನಿದ್ದೆಯಲ್ಲಿದ್ದಳು.

ಕಥೆಯ ನಡುವೆ ಬೆಳಕಿನ ಕೂಸೊಂದು ಗಾಳಿಯಲ್ಲೇ ಅಂಬೆಗಾಲಿಡುತ್ತ ಬಂತು, ಆಗಷ್ಟೇ ಬಿರಿದ ಹತ್ತಿಯ ಹಾಗೆ. "ಇಟು ರಾ ಪಾಪಾ, ಇತ್ತ ಬಾ" ಎಂದು ಎಲ್ಲರೂ ಕೈ ಬೀಸಿ ಕರೆದರು. ಅಷ್ಟು ಕೈಗಳಿಗೆ ಬೆದರಿ ಅದು ಮೇಲಕ್ಕೆ ಮೇಲಕ್ಕೆ ಹೋಯಿತು. ಕೊಂಡಮ್ಮ ಕೈ ಎತ್ತಲಿಲ್ಲ. ಕುರ್ಚಿಯಿಂದಿಳಿದು, ಸೀರೆ ಸರಿಸಿ, ನೆಲದ ಮೇಲೆ ಕಾಲು ಚಾಚಿ ಕೂತಳು.

ಟಿಕೆಟ್ ಹರಿಯುವ ಶ್ರೀನು ಬಂದ. "ಅವ್ವಾ, ಇದು ಟಾಕೀಸು. ನಿಮ್ಮನಿ ಬಚ್ಚಲ ಅಲ್ಲ."

"ಲೈಟ್ ನೀವ ಆರಿಸೀರಿ. ನನಗ ಹೆಂಗ್ ಗೊತ್ತಾಗಬೇಕಪ್ಪ?"

ಕೂಸು ಮೆಲ್ಲಗೆ ಇಳಿದು ಅವಳ ಕಾಲ ಮೇಲೆ ಮಲಗಿತು. ಎಣ್ಣೆ ತಿಕ್ಕುವಂತೆ ಅವಳು ಬೆನ್ನ ಮೇಲೆ ಕೈಯಾಡಿಸಿದಳು. ಬೆರಳು ನಡುಗಿದರೆ ಬೆಳಕೂ ನಡುಗುತ್ತಿತ್ತು. ಕಚಗುಳಿ ಇಟ್ಟಂತೆ ಕೂಸು ನಗುತ್ತಿತ್ತು. ಕಾಲು ಮಾತ್ರ ಕದಲಲಿಲ್ಲ.

"ತೂಕಾನೇ ಇಲ್ಲಲ್ಲೇ ನಿನಗ," ಅಂದಳು. "ಎಷ್ಟು ಮಂದಿ ಕಣ್ಣು ಬಿದ್ದೈತೋ." ದೃಷ್ಟಿ ತೆಗೆದು ಬೆರಳ ನೆಟಿಗೆ ಮುರಿದಳು. ಅಷ್ಟರಲ್ಲಿ ಕೂಸು ಬೆಳಕಿನ ಪುಡಿಯಾಗಿ ಚದುರಿತು. ಅವಳು ಬರಿದಾದ ಕಾಲನ್ನೇ ನೋಡುತ್ತ ಕೂತಳು.

"ನಡುಗಿದ್ದು ಕೈ ಅಷ್ಟ," ಎಂದೆ. "ಕಾಲು ನಿನ್ನವು ಇರಲಿ. ಭುವನಾಗ ನೀರು ನಾ ಹಾಕ್ತೀನಿ, ಸೋಪೂ ನಾನ ಹಚ್ತೀನಿ."

ಅವಳು ಸೀರೆ ಕೊಡವಿಕೊಂಡು ಎದ್ದಳು.

ಮರುದಿನ ನೀರು ಕಾಯುವ ಹೊತ್ತಿಗೆ ತಾನಾಗಿಯೇ ಬಂದು ಬಚ್ಚಲಲ್ಲಿ ಕಾಲು ಚಾಚಿದಳು. "ಬೆರಳಲ್ಲ, ಮೊಣಕೈ ಅದ್ದಿ ನೋಡು ನೀರು," ಎಂದು ನನ್ನನ್ನು ಗದರಿದಳು. ಕಿಟಕಿಯ ಬಿಸಿಲು ಹಬೆಯೊಳಗೆ ಕರಗಿ, ಬಚ್ಚಲೆಲ್ಲ ಆ ಟಾಕೀಸಿನಂತಾಗಿತ್ತು. ಕೊಂಡಮ್ಮನ ಕಾಲ ಮೇಲೆ ಮಲಗಿ, ಅಳಲೆಂದು ಬಾಯಿ ತೆರೆದ ಭುವನಾ ಹಾಗೆಯೇ ಕಣ್ಣು ಮುಚ್ಚಿದಳು.

"ಈಕಿಗೆ ತೂಕ ಐತಿ," ಅಂದಳು ಕೊಂಡಮ್ಮ.