ಪಕ್ಕದ ಮಂಚದ ಅಕ್ಕ

ಅವಳ ಎಡಗೈಯೊಳಗೆ ಸದಾ ಒಂದು ಸದ್ದು ಹರಿಯುತ್ತಿತ್ತು. ಡಯಾಲಿಸಿಸ್ ಸೂಜಿಗೆಂದು ಮೊಣಕೈ ಕೆಳಗೆ ರಕ್ತನಾಳಗಳನ್ನು ಕೂಡಿಸಿ ಹೊಲಿದಿದ್ದರು. ಅಲ್ಲಿ ಚರ್ಮ ಹಗ್ಗದ ಗಂಟಿನಂತೆ ಉಬ್ಬಿಕೊಂಡು, ಮುಟ್ಟಿದರೆ ಗುಂಯ್ ಎನ್ನುತ್ತಿತ್ತು. ನಾನು ಯಾದಗಿರಿಯ ಆಸ್ಪತ್ರೆಯ ಡಯಾಲಿಸಿಸ್ ಕೋಣೆಗೆ ರೋಗಿಯಾಗಿ ಹೋದ ಮೊದಲ ದಿನ, ಹೆದರಿ ಮುದುಡಿ ಮಲಗಿದ್ದಾಗ, ಪಕ್ಕದ ಮಂಚದಿಂದ ಎದ್ದು ಬಂದು ಆ ಕೈಯನ್ನು ನನ್ನ ಕಿವಿಗೆ ಹಿಡಿದಳು. ನನ್ನ ಕಿಸೆಯಲ್ಲಿದ್ದ ಕೆಂಪು ಪೆನ್ನು ನೋಡಿಯೇ ನನ್ನ ಕೆಲಸ ಗುರುತಿಸಿದ್ದಳು.

“ಕೇಳ್ರಿ ಮಾಸ್ತರ್ರ, ಕಾಲುವಿಗೆ ನೀರ್ ಬಿಟ್ಟಂಗ ಕೇಳತದಲ್ಲ? ಈ ಸಪ್ಪಳ ಇರೋತನಕ ಹೆದರಬ್ಯಾಡ್ರಿ.”

ವಾರಕ್ಕೆ ಎರಡು ದಿನ ನಮ್ಮದು ಒಂದೇ ಬಸ್ಸು. ಅವಳು ಸುರಪುರದ ಕಡೆಯ ತನ್ನ ಹಳ್ಳಿಯಲ್ಲಿ ಹತ್ತುತ್ತಿದ್ದಳು, ನಾನು ಶಹಾಪುರದಲ್ಲಿ. ಪಕ್ಕದ ಸೀಟಿನ ಮೇಲೆ ತನ್ನ ಬಟ್ಟೆಯ ಚೀಲ ಇಟ್ಟಿರುತ್ತಿದ್ದಳು. ಯಾರಾದರೂ ಕೂರಲು ಬಂದರೆ, “ನಮ್ಮ ತಮ್ಮ ಬರ್ತಾನ್ರಿ” ಅನ್ನುತ್ತಿದ್ದಳು. ಅವಳ ಮನೆ ಊರಾಚೆಯ ಓಣಿಯದು, ನನ್ನದು ಬಜಾರದ್ದು. ಬಸ್ಸಿನಲ್ಲಿ ಅದನ್ನು ಯಾರೂ ಕೇಳಲಿಲ್ಲ. ಮುಂಜಾನೆ ಗದ್ದೆಗಳ ಮೇಲೆ ಮಂಜು ನಿಂತಿರುತ್ತಿತ್ತು. ಶಹಾಪುರದ ಬೆಟ್ಟ, ಬುದ್ಧ ಮಲಗಿದಂತೆ ಕಾಣುವ ಆ ಸಾಲು, ಮಂಜಿನ ಮೇಲೆ ತೇಲುತ್ತಿತ್ತು. ಅವಳು ಕಿಟಕಿಯಿಂದಲೇ ಕೈ ಮುಗಿದು ನಗುತ್ತಿದ್ದಳು. “ನಮ್ಮಪ್ಪ ಇನ್ನಾ ಎದ್ದಿಲ್ಲ ನೋಡ್ರಿ. ನಾವಷ್ಟ ಎದ್ದೀವಿ.” ಬರುವಾಗ ಇಬ್ಬರಿಗೂ ರಕ್ತ ತೊಳೆದ ಮಂಪರು. ಅರ್ಧ ಕನಸಿನಲ್ಲಿ ಅವಳ ಮಾತು ಕೇಳಿಸುತ್ತಿತ್ತು, ಕಾಲುವೆ ಬರುವ ಮೊದಲು ಅವಳ ಊರು ಹೇಗಿತ್ತು, ಮೊದಲ ಸಲ ನೀರು ಬಂದ ದಿನ ಹೆಂಗಸರೆಲ್ಲ ಸೀರೆ ಎತ್ತಿಕಟ್ಟಿ ಇಳಿದದ್ದು ಹೇಗೆ ಎಂದು.

ಒಮ್ಮೆ ದೂರದ ದೊಡ್ಡ ಊರಿನ ಆಸ್ಪತ್ರೆಗೆ ಕಿಡ್ನಿ ಕಸಿಯ ವಿಚಾರ ಕೇಳಲು ಇಬ್ಬರೂ ಕೂಡಿ ಹೋದೆವು. ನನಗೆ ಕಿಡ್ನಿ ಕೊಡಲು ಅವ್ವ ತಯಾರಿದ್ದಳು, ಅವಳಿಗೆ ಅವಳ ತಂಗಿ. ನನ್ನ ಸರದಿ ಬೇಗ ಮುಗಿಯಿತು. ಡಾಕ್ಟರು ಅವಳನ್ನು ಕೇಳಿದರು: “ಮನೇಲಿ ಎಷ್ಟು ಕೋಣೆ ಇದೆ?”

“ಒಂದ ಖೋಲಿರಿ. ಐದು ಮಂದಿ ಅದೀವಿ. ಮಳಿ ಬಂದ್ರ ಆಡೂ ಒಳಗ ಕಟ್ಟತೀವ್ರಿ.”

ಡಾಕ್ಟರು ಒಳ್ಳೆಯವರೇ. ಪೆನ್ನು ಕೆಳಗಿಟ್ಟು ನಿಧಾನವಾಗಿ ಹೇಳಿದರು. “ಆಪರೇಷನ್ ಆದ್ಮೇಲೆ ಸಣ್ಣ ಸೋಂಕು ತಗುಲಿದ್ರೂ ಜೀವಕ್ಕೆ ಅಪಾಯ ತಾಯಿ. ಬೇರೆ ಕೋಣೆ ಮಾಡ್ಕೊಂಡು ಬನ್ನಿ, ಆಮೇಲೆ ನೋಡೋಣ.”

ಹೊರಗೆ ಬಂದು ಮೆಟ್ಟಿಲ ಮೇಲೆ ಕೂತು ಅವಳು ಕಣ್ಣಲ್ಲಿ ನೀರು ಬರುವಷ್ಟು ನಕ್ಕಳು. “ಕಿಡ್ನಿ ಕೇಳಾಕ ಬಂದ್ರ ಮನಿ ಕಟ್ಟು ಅಂದ್ರಲ್ರಿ!”

ಕಟ್ಟಿದಳು. ನಾಟಿ ಕೆಲಸ ಮುಗಿದ ಮೇಲೆ ಓಣಿಯ ಹೆಂಗಸರು, ಗಂಡಸರು ಸೇರಿ ಕಲ್ಲು ಹೊತ್ತರು, ಗೋಡೆ ಎಬ್ಬಿಸಿದರು, ನೆಲಕ್ಕೆ ಪರಸಿ ಕಲ್ಲು ಹಾಸಿದರು, ತಗಡು ಹೊದಿಸಿ ಸುಣ್ಣ ಬಳಿದರು. ನನ್ನನ್ನು ಕರೆದು ಹೊಸ್ತಿಲ ಹೊರಗೆ ನಿಂತೇ ತೋರಿಸಿದಳು. ಒಳಗೆ ಬೆಳಕು ಹಾಲಿನಂತೆ ತುಂಬಿತ್ತು.

ನಾನು ಒಳಗೆ ಕಾಲಿಟ್ಟು, “ಒಳಗ ಬಾ ಅಕ್ಕ” ಎಂದೆ.

“ಇಲ್ರಿ. ಆಪರೇಷನ್ ಆಗಿ ಬಂದ ಮ್ಯಾಲ.”

ಕೋಣೆಯ ನಂತರ ಆಸ್ಪತ್ರೆಯವರು ಕಾಗದ ಕೇಳಿದರು. ತಂಗಿ ಒಡಹುಟ್ಟಿದವಳೇ ಎಂಬುದಕ್ಕೆ ದಾಖಲೆ ಬೇಕಿತ್ತು. ಇಬ್ಬರೂ ಶಾಲೆ ಕಂಡವರಲ್ಲ. ಮದುವೆಯಲ್ಲಿ ಗಂಡನ ಮನೆಯವರು ತಂಗಿಯ ಹೆಸರು ಬದಲಿಸಿದ್ದರು. ಒಂದು ಕಾಗದದಲ್ಲಿ ಹಳೆಯ ಹೆಸರು, ಇನ್ನೊಂದರಲ್ಲಿ ಹೊಸದು, ಅಪ್ಪನ ಹೆಸರು ಎರಡರಲ್ಲೂ ಬೇರೆ. ನಾನು ಅರ್ಜಿ ಬರೆದುಕೊಟ್ಟೆ. ಅವಳು ಕಚೇರಿಯಿಂದ ಕಚೇರಿಗೆ, ಡಯಾಲಿಸಿಸ್ ಇಲ್ಲದ ದಿನಗಳಲ್ಲಿ, ತಂಗಿಯ ಕೂಲಿ ಬಿಡಿಸಿಕೊಂಡು ತಿರುಗಿದಳು. “ಇಬ್ಬರ ಮುಸುಡಿನೂ ಒಂದ ಅದ, ನೋಡ್ರಿ ಸಾಹೇಬ್ರ” ಎಂದು ತಂಗಿಯ ಕೆನ್ನೆಗೆ ಕೆನ್ನೆ ಹಚ್ಚಿ ತೋರಿಸಿದಳಂತೆ. ನನ್ನ ಕಾಗದಗಳೆಲ್ಲ ಮನೆಯ ಕಪಾಟಿನಲ್ಲೇ ಇದ್ದವು. ಒಂದು ಮಧ್ಯಾಹ್ನದಲ್ಲಿ ಅಷ್ಟನ್ನೂ ತೆಗೆದುಕೊಟ್ಟೆ.

ನನ್ನ ಆಪರೇಷನ್ ದಿನ ಗೊತ್ತಾದಾಗ ಅವಳಿಗೆ ಹೇಳಲು ನಾಲಿಗೆ ಏಳಲಿಲ್ಲ. ಅವಳೇ ಕಂಡುಹಿಡಿದಳು.

“ಅಂಜಾಕತ್ತೀರೇನು? ಸಸಿ ಕಿತ್ತು ಬ್ಯಾರೆ ಗದ್ದ್ಯಾಗ ಹಚ್ಚಿದ್ರ ಮೂರು ದಿನ ಬಾಡ್ತದ್ರಿ, ಆಮ್ಯಾಲ ತಾನ ತಲಿ ಎತ್ತತದ. ನಾ ಎಷ್ಟ್ ಎಕರೆ ಹಚ್ಚೀನಿ! ನನಗ ಗೊತ್ತಿಲ್ಲೇನು?”

ಆಪರೇಷನ್ ಮೇಜಿನ ಮೇಲೆ ಕಣ್ಣು ಮುಚ್ಚುವಾಗ ನನಗೆ ಕಂಡದ್ದು ಬಾಗಿದ ಬೆನ್ನುಗಳ ಸಾಲು, ಹಸಿರು, ಕೆಸರಿನಲ್ಲಿ ಅವಳ ಕೈ.

ಅರ್ಧ ವರ್ಷ ಆಸ್ಪತ್ರೆಯ ಹತ್ತಿರವೇ ಬಾಡಿಗೆ ಮನೆಯಲ್ಲಿದ್ದು ಊರಿಗೆ ಬಂದೆ. ಬಂದವನೇ ಅವಳ ಮನೆಗೆ ಹೋದೆ. ಅವಳ ಮುಖ ಬಾತಿತ್ತು. ಹೃದಯ ಸೋತಿದೆ, ಇನ್ನು ಆಪರೇಷನ್ ತಾಳುವುದಿಲ್ಲ ಎಂದು ಡಾಕ್ಟರು ಹೇಳಿಬಿಟ್ಟಿದ್ದರು. ಕಾಗದ ಇನ್ನೂ ಕಚೇರಿಯಲ್ಲೇ ಇತ್ತು. ಹೊಸ ಕೋಣೆಯಿಂದ ಕೂಸಿನ ಅಳು ಕೇಳಿತು.

“ಬಾಜೂ ಮನಿ ಬಾಣಂತಿ ಮಲಗ್ಯಾಳ. ಖಾಲಿ ಇಟ್ಟು ಏನ್ ಮಾಡೋದೈತಿ? ಕೂಸಿಗೆ ಚೊಲೊ ಗಾಳಿ ಬರ್ತದ” ಎಂದಳು. ಆಮೇಲೆ ದನಿ ತಗ್ಗಿಸಿ ಕೇಳಿದಳು. “ಮಾಸ್ತರ್ರ, ಈಗ ಉಚ್ಚಿ ಬರ್ತದೇನ್ರಿ?”

“ಬರ್ತದ ಅಕ್ಕ.”

“ಭಾಳ ಬರ್ತದೇನು?”

“ಭಾಳ.”

ಅವಳ ಮುಖ ಅರಳಿತು. “ನೀರು?”

ಉಚ್ಚೆ ನಿಂತುಹೋಗಿ, ದಿನಕ್ಕೆ ಎರಡು ಲೋಟದ ಮೇಲೆ ನೀರು ಕುಡಿಯುವಂತಿಲ್ಲ ಎಂಬ ಕಟ್ಟಿನಲ್ಲಿ ನಾವಿಬ್ಬರೂ ವರ್ಷಗಟ್ಟಲೆ ಬದುಕಿದ್ದೆವು. “ಈಗ ಬೇಕಾದಷ್ಟು ಕುಡೀಬೇಕಂತ” ಎಂದೆ.

ಅವಳು ಗಂಡನಿಗೆ ಹೇಳಿ ಕಾಯಿಸಿ ಆರಿಸಿದ ನೀರನ್ನು ತಾಮ್ರದ ತಂಬಿಗೆ ತುಂಬ ತರಿಸಿದಳು. “ಇಲ್ಲೇ ಕುಡೀರಿ. ನಾ ನೋಡ್ತೀನಿ.”

ಕುಡಿದೆ. ಅವಳು ಕಣ್ಣು ಮಿಟುಕಿಸದೆ ನೋಡಿದಳು. ನಾನು ಗುಟುಕರಿಸಿದಂತೆಲ್ಲ ಅವಳ ಗಂಟಲೂ ಆಡುತ್ತಿತ್ತು. ತಂಬಿಗೆ ಬರಿದಾದಾಗ ಉಸಿರು ಬಿಟ್ಟು ಗೋಡೆಗೆ ಒರಗಿ, “ಸಾಕ್ರಿ” ಎಂದಳು.

ಎಂಟು ದಿನದ ಮೇಲೆ ಅವಳು ಹೋದಳು. ಮಣ್ಣು ಕೊಟ್ಟು ಬಂದ ಮೇಲೆ ತಂಗಿ ನನ್ನ ಹತ್ತಿರ ಬಂದು ಕೂತಳು. ಅಕ್ಕನ ಮುಖವೇ ಅಲ್ಲಿ ಕೂತಂತಿತ್ತು.

ಈಗಲೂ ರಜೆಯ ದಿನ ಡಯಾಲಿಸಿಸ್ ಕೋಣೆಗೆ ಹೋಗಿ ಹೊಸದಾಗಿ ಬಂದವರ ಕಾಗದಗಳಲ್ಲಿ ಹೆಸರು ತಾಳೆಯಾಗುತ್ತದೆಯೇ ನೋಡಿ ಅರ್ಜಿ ಬರೆದುಕೊಡುತ್ತೇನೆ. ಅದರಿಂದ ಅವಳ ಋಣ ತೀರುತ್ತದೆ ಎಂದು ನನಗೆ ಅನ್ನಿಸುವುದಿಲ್ಲ. ಬೆಳಗ್ಗೆ ಎದ್ದು ಮೊದಲ ತಂಬಿಗೆ ನೀರು ಎತ್ತಿದಾಗ ಎದುರಿಗೆ ಅವಳು ಕೂತಿರುತ್ತಾಳೆ. ಅವಳಿಗೆ ಕಾಣಲಿ ಎಂದು ನಿಧಾನವಾಗಿ ಕುಡಿಯುತ್ತೇನೆ.